ಕೋಶ ಕೈಗೆ ಬರುವವರೆಗೆ ಕಂಡೀಷನಿಂಗ್ ಇಲ್ಲ: ಕೋವಿಡ್ ಕಾಲದಲ್ಲಿ ಕಾಂಡಕೋಶ ಕಸಿ ಘಟಕ ನಡೆಸಿದ ಅನುಭವ

ರಕ್ತದ ಕಾಂಡಕೋಶಗಳ, ಅಂದರೆ ಮೂಳೆಮಜ್ಜೆಯಲ್ಲಿದ್ದು ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶಗಳ ಕಸಿ ಮಾಡುವ ಘಟಕವೊಂದರಲ್ಲಿ ಸಂಯೋಜಕಿಯಾಗಿ ನಾನು ಕೋವಿಡ್ ಕಾಲವನ್ನು ಮೊದಲಿನಿಂದ ಕೊನೆಯವರೆಗೂ ಕಂಡೆ. ಆ ಅವಧಿಗೆಂದು ಮಾಡಿಕೊಂಡಿದ್ದ ತಾತ್ಕಾಲಿಕ ನಿಯಮಗಳಲ್ಲಿ ಕೊನೆಯದನ್ನೂ ಹಿಂತೆಗೆದುಕೊಂಡು, ಕಡತಗಳನ್ನು ಹೊಸ ಸಂಯೋಜಕರಿಗೆ ಒಪ್ಪಿಸುವ ಕೆಲಸ ಈಗಷ್ಟೇ ಮುಗಿದಿದೆ. ಒಪ್ಪಿಸುವಾಗ ಅವರು ಕೇಳಿದ ಹಲವು ಪ್ರಶ್ನೆಗಳಿಗೆ ಕಡತಗಳಲ್ಲಿ ಉತ್ತರವಿರಲಿಲ್ಲ. ಯಾರನ್ನು ಕಾಯಿಸಿದಿರಿ, ಯಾವ ಧೈರ್ಯದ ಮೇಲೆ ಮುಂದುವರಿದಿರಿ, ಎಲ್ಲಿ ಸಿಕ್ಕಿಬಿದ್ದಿರಿ ಎಂಬುದೆಲ್ಲ ನಮ್ಮ ನೆನಪಿನಲ್ಲಷ್ಟೇ ಇತ್ತು. ಇಂಥ ಪರಿಸ್ಥಿತಿ ಮತ್ತೊಮ್ಮೆ ಬಂದರೆ ಘಟಕ ನಡೆಸಬೇಕಾದವರಿಗೂ, ಕಸಿಗಾಗಿ ಕಾಯುತ್ತಿರುವ ಕುಟುಂಬಗಳಿಗೂ ಉಪಯೋಗವಾಗಲಿ ಎಂದು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಕಸಿಯ ವೇಳಾಪಟ್ಟಿ ಹೇಗಿರುತ್ತದೆ ಎಂಬುದನ್ನು ಮೊದಲು ಹೇಳಬೇಕು. ಕೋಶಗಳನ್ನು ರೋಗಿಯ ದೇಹಕ್ಕೆ ಹರಿಸುವ ದಿನವನ್ನು ಸೊನ್ನೆಯ ದಿನವೆಂದು ಎಣಿಸುತ್ತೇವೆ. ಅದಕ್ಕೆ ಸುಮಾರು ಒಂದು ವಾರ ಮೊದಲು ಕಂಡೀಷನಿಂಗ್, ಅಂದರೆ ರೋಗಿಯ ಹಳೆಯ ಮಜ್ಜೆಯನ್ನು ತೆಗೆದು ಹೊಸದಕ್ಕೆ ಜಾಗ ಮಾಡುವ ತೀವ್ರ ಕಿಮೋ, ಕೆಲವರಿಗೆ ಅದರ ಜೊತೆಗೆ ವಿಕಿರಣ ಚಿಕಿತ್ಸೆ, ಆರಂಭವಾಗುತ್ತದೆ. ಅದೇ ವಾರ ಬೇರೆಲ್ಲೋ ಇರುವ ದಾನಿ 4-5 ದಿನ ಕಾಂಡಕೋಶಗಳನ್ನು ಮಜ್ಜೆಯಿಂದ ರಕ್ತಕ್ಕೆ ಇಳಿಸುವ ಜಿ-ಸಿಎಸ್‌ಎಫ್ ಚುಚ್ಚುಮದ್ದು ತೆಗೆದುಕೊಂಡು, ರಕ್ತದಿಂದ ಆ ಕೋಶಗಳನ್ನು ಬೇರ್ಪಡಿಸುವ ಅಫೆರೆಸಿಸ್ ಯಂತ್ರದ ಪಕ್ಕದಲ್ಲಿ 4-5 ಗಂಟೆ ಮಲಗಿ ಕೋಶ ಕೊಡುತ್ತಾರೆ. ತಾಜಾ ಕೋಶಗಳನ್ನು ತಂಪು ಪೆಟ್ಟಿಗೆಯಲ್ಲಿಟ್ಟು ತಂದು ಸಾಮಾನ್ಯವಾಗಿ 72 ಗಂಟೆಯೊಳಗೆ ಕೊಟ್ಟು ಮುಗಿಸಬೇಕು. ಎರಡೂ ಕಡೆಯ ಕೆಲಸ ಒಂದೇ ದಿನಕ್ಕೆ ಬಂದು ಕೂಡುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಪೂರ್ಣ ಪ್ರಮಾಣದ ಕಂಡೀಷನಿಂಗ್ ಕೊಟ್ಟ ಮೇಲೆ ಕೋಶ ಬಾರದೆ ಹೋದರೆ ರೋಗಿಯ ಮಜ್ಜೆ ತಾನಾಗಿ ಚೇತರಿಸಿಕೊಳ್ಳುತ್ತದೆ ಎಂದು ಯಾರೂ ಭರವಸೆ ಕೊಡಲಾರರು. 2020ರ ಮಾರ್ಚ್‌ನಲ್ಲಿ ಅಲುಗಾಡಿದ್ದು ಈ ನಂಬಿಕೆಯೇ.

ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆಯಿತು. ಆ ವಾರ ನಾವು ಮೊದಲು ಮಾಡಿದ ಕೆಲಸವೆಂದರೆ ಕಾಯುವವರ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತದ್ದು. ಘಟಕವನ್ನು ಕೆಲವು ತಿಂಗಳು ಪೂರ್ತಿ ಮುಚ್ಚಿಬಿಡೋಣ ಎಂಬ ಸಲಹೆಯೂ ಸಭೆಯಲ್ಲಿ ಬಂತು. ಐಸಿಯು ಹಾಸಿಗೆ ಸಿಗುವುದು ಖಚಿತವಿಲ್ಲದಿರುವಾಗ, ರೋಗನಿರೋಧಕ ಶಕ್ತಿಯನ್ನು ನಾವೇ ಸೊನ್ನೆಗೆ ಇಳಿಸಿ ರೋಗಿಯನ್ನು ಆಸ್ಪತ್ರೆಯಲ್ಲಿ ಮಲಗಿಸುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಆದರೆ ರಕ್ತದ ಕ್ಯಾನ್ಸರ್ ಆದ ತೀವ್ರ ಲ್ಯುಕೇಮಿಯಾದಲ್ಲಿ ಕಿಮೋದಿಂದ ರೋಗ ಹತೋಟಿಗೆ ಬಂದಿರುವ ಅವಧಿ ಚಿಕ್ಕದು. ಅದು ಕೈತಪ್ಪಿದರೆ ಮುಂದೆ ಕಸಿ ಮಾಡುವ ಅವಕಾಶವೇ ಇಲ್ಲವಾಗಬಹುದು. ಮುಂದೂಡುವುದನ್ನು ಸುರಕ್ಷಿತ ಆಯ್ಕೆಯೆಂದೂ ಮುಂದುವರಿಯುವುದನ್ನು ಅಪಾಯದ ಆಯ್ಕೆಯೆಂದೂ ಬಗೆಯುವುದು ಈ ಕ್ಷೇತ್ರದಲ್ಲಿ ಸಲ್ಲದು. ಎರಡೂ ಅಪಾಯವೇ, ಯಾರಿಗೆ ಯಾವುದು ಹೆಚ್ಚಿನದು ಎಂಬುದನ್ನು ಒಬ್ಬೊಬ್ಬರ ಕಡತ ತೆರೆದೇ ತೀರ್ಮಾನಿಸಬೇಕಾಗಿತ್ತು.

ಹೀಗೆ ಪಟ್ಟಿ ಮೂರು ಭಾಗವಾಯಿತು. ಥಲಸ್ಸೀಮಿಯಾ, ಸಿಕಲ್ ಸೆಲ್‌ನಂಥ ಹುಟ್ಟಿನಿಂದ ಬರುವ ರಕ್ತದ ಕಾಯಿಲೆಗಳಿದ್ದು ಬೇರೆ ಚಿಕಿತ್ಸೆಯಲ್ಲಿ ಸ್ಥಿರವಾಗಿರುವವರನ್ನು ಮುಂದೂಡಿದೆವು. ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಇರುವ ರೋಗಿಗಳಲ್ಲಿ ಬಹುತೇಕರಿಗೆ ಔಷಧ ಮುಂದುವರಿಸಿ, ಅವರದೇ ಕೋಶಗಳನ್ನು ಸಂಗ್ರಹಿಸಿ ಫ್ರೀಜ್ ಮಾಡಿ, ಕಸಿಯನ್ನು ಆಮೇಲಿಗೆ ಇಟ್ಟುಕೊಂಡೆವು. ತೀವ್ರ ಲ್ಯುಕೇಮಿಯಾ, ಮರುಕಳಿಸಿದ ಆಕ್ರಮಣಕಾರಿ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್), ತೀವ್ರ ಸ್ವರೂಪದ ಅಪ್ಲಾಸ್ಟಿಕ್ ಅನೀಮಿಯಾ (ಮಜ್ಜೆ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸುವ ಕಾಯಿಲೆ) ಇರುವವರನ್ನು ನಿಲ್ಲಿಸಲಿಲ್ಲ. ಈ ವಿಂಗಡಣೆಯನ್ನು ಪ್ರತಿ ವಾರ ಮತ್ತೆ ನೋಡಲೇಬೇಕು. ಏಪ್ರಿಲ್‌ನಲ್ಲಿ ಕಾಯಬಲ್ಲವರಾಗಿದ್ದವರು ಜೂನ್ ಹೊತ್ತಿಗೆ ಕಾಯಲಾರದವರಾಗಿದ್ದರು. ತೀರ್ಮಾನದ ಜೊತೆಗೆ ಕಾರಣವನ್ನೂ, ಸಭೆಯಲ್ಲಿ ಯಾರಿದ್ದರು ಎಂಬುದನ್ನೂ ದಿನಾಂಕ ಸಹಿತ ಬರೆದಿಟ್ಟದ್ದು ಮುಂದೆ ಕುಟುಂಬಗಳಿಗೆ ಉತ್ತರ ಹೇಳುವಾಗ ನಮ್ಮನ್ನು ಕಾಪಾಡಿತು.

ಮುಂದೂಡಿದ ಸುದ್ದಿಯನ್ನು ಫೋನಿನಲ್ಲಿ ಹೇಳುವ ಕೆಲಸ ನನ್ನದಾಗಿತ್ತು. ಥಲಸ್ಸೀಮಿಯಾ ಇದ್ದ ಮಗುವೊಂದರ ತಂದೆ ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು, “ಸಿಸ್ಟರ್, ಮುಂದಕ್ಕೆ ಅಂದರೆ ಯಾವಾಗ? ಒಂದು ತಾರೀಖು ಹೇಳಿಬಿಡಿ, ಅದನ್ನೇ ಹಿಡಿದುಕೊಂಡು ಇರ್ತೀವಿ” ಎಂದರು. ಕಸಿಯ ತಾರೀಖು ನನ್ನ ಬಳಿ ಇರಲಿಲ್ಲ. “ಕಸಿಯ ದಿನ ಹೇಳಲಾರೆ ಸರ್, ಆದರೆ ನಾನು ಮತ್ತೆ ಫೋನ್ ಮಾಡುವ ದಿನ ಹೇಳ್ತೀನಿ, ಬರೆದುಕೊಳ್ಳಿ” ಎಂದೆ. ಅಂದಿನಿಂದ ಪ್ರತಿ ಕುಟುಂಬಕ್ಕೂ ಹಾಗೆಯೇ ಮಾಡಿದೆವು. ಹೊಸ ಸುದ್ದಿ ಏನೂ ಇಲ್ಲದಿದ್ದರೂ ಹೇಳಿದ ದಿನ ಫೋನ್ ಹೋಗುತ್ತಿತ್ತು. ಮುಂದೂಡಲ್ಪಟ್ಟ ರೋಗಿಗಳ ಕುಟುಂಬದವರು ತಮ್ಮ ಕಡೆಯಿಂದಲೂ ಈ ಬೇಡಿಕೆ ಇಡಬೇಕು: ಮತ್ತೆ ಯಾವಾಗ ಪರಿಶೀಲಿಸುತ್ತೀರಿ, ಅಷ್ಟರೊಳಗೆ ಯಾವ ಲಕ್ಷಣ ಕಂಡರೆ ಕೂಡಲೇ ತಿಳಿಸಬೇಕು, ಯಾರಿಗೆ ತಿಳಿಸಬೇಕು ಎಂಬುದನ್ನು ಕೇಳಿ ಬರೆದುಕೊಳ್ಳಿ.

ಅಷ್ಟರಲ್ಲಿ ಗಡಿಗಳು ಮುಚ್ಚತೊಡಗಿದ್ದವು. ಯುರೋಪಿನಿಂದ ಅಮೆರಿಕಕ್ಕೆ ಹೋಗುವ ಪ್ರಯಾಣಿಕರ ಮೇಲಿನ ನಿರ್ಬಂಧ ಮಾರ್ಚ್ 13ರ ರಾತ್ರಿಯಿಂದ ಜಾರಿಗೆ ಬಂತು. ಸಂಬಂಧಿಕರಲ್ಲದ ದಾನಿಗಳ ಕೋಶಗಳಲ್ಲಿ ಸುಮಾರು ಅರ್ಧದಷ್ಟು ದೇಶದಿಂದ ದೇಶಕ್ಕೆ ಹೋಗುತ್ತವೆ, ಅವುಗಳಲ್ಲಿ ದೊಡ್ಡ ಪಾಲು ಜರ್ಮನಿಯ ದಾನಿಗಳದು. ಆ ಪೆಟ್ಟಿಗೆಯನ್ನು ಸರಕು ವಿಭಾಗಕ್ಕೆ ಕೊಡದೆ, ಎಕ್ಸ್-ರೇ ಯಂತ್ರದೊಳಗೆ ಬಿಡದೆ, ತರಬೇತಾದ ಕೊರಿಯರ್ ಒಬ್ಬರು ವಿಮಾನದಲ್ಲಿ ತಮ್ಮ ಕಾಲ ಬಳಿಯೇ ಇಟ್ಟುಕೊಂಡು ತರುತ್ತಾರೆ. ಕೊರಿಯರ್‌ಗಳಿಗೆ ವಿಶೇಷ ಅನುಮತಿಗಳು ದೊರೆತವು, ಆದರೆ ಅನುಮತಿ ಪತ್ರ ಕೈಯಲ್ಲಿದ್ದರೂ ಹತ್ತಲು ವಿಮಾನವೇ ಇರದ ದಿನಗಳು ಬಂದವು. ಬಂದ ದೇಶದಲ್ಲಿ ಕ್ವಾರಂಟೈನ್ ಇದ್ದರೆ ಕೊರಿಯರ್ ವಿಮಾನ ನಿಲ್ದಾಣದ ಹೊರಗೆ ಕಾಲಿಡುವಂತಿರಲಿಲ್ಲ. ಪೆಟ್ಟಿಗೆಯನ್ನು ನಿಲ್ದಾಣದೊಳಗೇ ಮತ್ತೊಬ್ಬರಿಗೆ ದಾಟಿಸಬೇಕಾಗುತ್ತಿತ್ತು. ಹಾಗೆ ದಾಟಿಸುವಾಗ ಪೆಟ್ಟಿಗೆಯ ಮುದ್ರೆ ಸಂಖ್ಯೆ, ತಾಪಮಾನ ದಾಖಲಿಸುವ ಉಪಕರಣದ ಓದು, ಕೊಟ್ಟವರ ಮತ್ತು ಪಡೆದವರ ಸಹಿ, ಗಂಟೆ-ನಿಮಿಷ ಎಲ್ಲವೂ ಒಂದೇ ಹಾಳೆಯಲ್ಲಿರಬೇಕು. ವಿಮಾನ ನಿಲ್ದಾಣದ ಭದ್ರತಾ ವಿಭಾಗಕ್ಕೆ, ಕಸ್ಟಮ್ಸ್‌ಗೆ ಮತ್ತು ಆರೋಗ್ಯ ಅಧಿಕಾರಿಗಳಿಗೆ ಬೇರೆಬೇರೆ ಪತ್ರ ಬೇಕಾಗುತ್ತವೆ. ಒಂದೇ ಪತ್ರದ ಮೂರು ಪ್ರತಿ ಒಯ್ದು ವಾದಿಸುತ್ತ ನಿಲ್ಲಲು ಆ ಸಮಯದಲ್ಲಿ ಸಾಧ್ಯವಿಲ್ಲ.

ಇಂಥ ಸ್ಥಿತಿಯಲ್ಲಿ ತಾಜಾ ಕೋಶ ಸರಿಯಾದ ದಿನಕ್ಕೆ ಬರುತ್ತದೆ ಎಂದು ನಂಬಿ ಕಂಡೀಷನಿಂಗ್ ಆರಂಭಿಸುವುದು ರೋಗಿಯ ಪ್ರಾಣವನ್ನು ವಿಮಾನದ ವೇಳಾಪಟ್ಟಿಗೆ ಕಟ್ಟಿದಂತೆ. ರಕ್ತ ಮತ್ತು ಮಜ್ಜೆ ಕಸಿ ತಜ್ಞರ ಯುರೋಪಿನ ಸಂಘಟನೆ ಇಬಿಎಂಟಿ, ಕೋಶಗಳನ್ನು ಮೊದಲೇ ತರಿಸಿ ಫ್ರೀಜ್ ಮಾಡಿಕೊಳ್ಳುವಂತೆ ಸಲಹೆ ಕೊಟ್ಟಿತು. ಅಮೆರಿಕದ ದಾನಿ ನೋಂದಣಿ ಸಂಸ್ಥೆ ಎನ್‌ಎಂಡಿಪಿ ಮಾರ್ಚ್ ಕೊನೆಯಲ್ಲಿ ಇದನ್ನು ಕಡ್ಡಾಯವನ್ನೇ ಮಾಡಿತು. ನಾವೂ ಅದೇ ನಿಯಮ ಬರೆದುಕೊಂಡೆವು: ದಾನಿಯ ಕೋಶ ನಮ್ಮ ಪ್ರಯೋಗಾಲಯಕ್ಕೆ ಬಂದು, ಎಣಿಕೆಯಾಗಿ, ಫ್ರೀಜ್ ಆಗಿ, ಟ್ಯಾಂಕಿನಲ್ಲಿ ಕುಳಿತ ಮೇಲೆಯೇ ರೋಗಿಗೆ ಕಂಡೀಷನಿಂಗ್‌ನ ಮೊದಲ ಡೋಸ್. ಒಡಹುಟ್ಟಿದವರೇ ದಾನಿಯಾಗಿದ್ದಾಗಲೂ ಇದಕ್ಕೆ ವಿನಾಯಿತಿ ಕೊಡಲಿಲ್ಲ, ಏಕೆಂದರೆ ಪಕ್ಕದ ಕೋಣೆಯಲ್ಲಿರುವ ದಾನಿಗೂ ಹಿಂದಿನ ರಾತ್ರಿ ಜ್ವರ ಬರಬಹುದಿತ್ತು.

ಕಾಗದದ ಮೇಲೆ ಇದು ಒಂದು ಸಾಲಿನ ನಿಯಮ. ಪ್ರಯೋಗಾಲಯಕ್ಕೆ ಮಾತ್ರ ಇಡೀ ದಿನಚರಿಯೇ ಬದಲಾಯಿತು. ಕೋಶಗಳಿಗೆ ಡಿಎಂಎಸ್‌ಒ ಎಂಬ ರಕ್ಷಕ ದ್ರವವನ್ನು ಸುಮಾರು ಶೇ 10ರಷ್ಟು ಬೆರೆಸಿ, ನಿಮಿಷಕ್ಕೆ 1ರಿಂದ 2 ಡಿಗ್ರಿಯಂತೆ ತಣ್ಣಗಾಗಿಸಿ, ಕೊನೆಗೆ ದ್ರವ ಸಾರಜನಕದ ಆವಿಯಲ್ಲಿ ಮೈನಸ್ 150 ಡಿಗ್ರಿಗಿಂತ ಕೆಳಗೆ ಇಡಬೇಕು. ಒಂದು ಬ್ಯಾಚ್ ಮುಗಿಯಲು ಗಂಟೆಗಳು ಬೇಕು, ಯಂತ್ರ ಒಂದೇ ಇದ್ದರೆ ಒಂದೇ ದಿನ ಎರಡು ಕಡೆಯಿಂದ ಬಂದ ಕೋಶಗಳು ಸರದಿ ಕಾಯಬೇಕು. ಆದ್ದರಿಂದ ದಾನಿಯ ದಿನಾಂಕ ನಿಗದಿ ಮಾಡುವ ಮೊದಲು ಪ್ರಯೋಗಾಲಯದವರ ಒಪ್ಪಿಗೆ ಪಡೆಯುವುದನ್ನು ರೂಢಿ ಮಾಡಿಕೊಂಡೆವು. ಹಿಂದೆ ಅವರಿಗೆ ಬರೀ ಮಾಹಿತಿ ಹೋಗುತ್ತಿತ್ತು. ಫ್ರೀಜಿಂಗ್ ಬ್ಯಾಗ್‌ಗಳೂ ಡಿಎಂಎಸ್‌ಒ ಕೂಡ ಎಂದಿಗಿಂತ ಬಹಳ ವೇಗವಾಗಿ ಖರ್ಚಾದವು, ಟ್ಯಾಂಕಿನಲ್ಲಿ ಜಾಗ ಕಡಿಮೆಯಾಯಿತು, ಸಾರಜನಕ ಪೂರೈಸುವವರ ಸಿಬ್ಬಂದಿಯೂ ಕ್ವಾರಂಟೈನ್‌ಗೆ ಹೋಗುತ್ತಿದ್ದರು. ಸಾರಜನಕದ ಮಟ್ಟವನ್ನು ಪಾಳಿಗೊಮ್ಮೆ ನೋಡಿ ಬರೆಯುವುದನ್ನು ಯಾವ ಕಾರಣಕ್ಕೂ ಬಿಡಬೇಡಿ. ಆ ಟ್ಯಾಂಕಿನಲ್ಲಿ ಇರುವುದು ಮತ್ತೊಮ್ಮೆ ಕೇಳಿ ಪಡೆಯಲಾಗದ ವಸ್ತು.

ಫ್ರೀಜ್ ಮಾಡಿದರೆ ಒಂದಿಷ್ಟು ಕೋಶಗಳು ನಷ್ಟವಾಗುತ್ತವೆ. ಅದಕ್ಕಾಗಿ ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸಿಡಿ34 ಕೋಶಗಳು (ಸಿಡಿ34 ಎಂಬುದು ಕಾಂಡಕೋಶಗಳನ್ನು ಗುರುತಿಸಿ ಎಣಿಸಲು ಬಳಸುವ ಗುರುತು) ಎಂಬ ಲೆಕ್ಕಕ್ಕೆ ತೃಪ್ತರಾಗದೆ, 40ರಿಂದ 50 ಲಕ್ಷ ಸಿಗುವಂತೆ ಕೋರಿಕೆ ಕಳಿಸಿದೆವು. ಪ್ರತಿ ಸಂಗ್ರಹದ ಜೊತೆ ಪುಟ್ಟ ಮಾದರಿ ಕೊಳವೆಯೊಂದನ್ನು ಫ್ರೀಜ್ ಮಾಡಿ, ಅದನ್ನು ಮಾತ್ರ ಕರಗಿಸಿ ಎಷ್ಟು ಕೋಶ ಜೀವಂತವಿವೆ ಎಂದು ನೋಡಿಕೊಂಡ ಮೇಲೆ ಕಂಡೀಷನಿಂಗ್‌ಗೆ ಸಹಿ ಬೀಳುತ್ತಿತ್ತು. ದೂರದಿಂದ ಬರುವುದು ತಡವಾದಷ್ಟೂ ಜೀವಂತ ಕೋಶಗಳ ಪ್ರಮಾಣ ಇಳಿದಿರುತ್ತದೆ. ಹೀಗಾಗಿ ದಾನಿಯಿಂದ ತೆಗೆದ ಗಂಟೆ, ನಮ್ಮಲ್ಲಿ ಫ್ರೀಜ್ ಆದ ಗಂಟೆ ಎರಡೂ ವೈದ್ಯರ ಕಣ್ಣಿಗೆ ಬೀಳುವ ಕಡೆ ಇರಬೇಕು.

ಮೂಳೆಯಿಂದ ನೇರವಾಗಿ ತೆಗೆದ ಮಜ್ಜೆಯನ್ನು ಫ್ರೀಜ್ ಮಾಡುವುದು ಇನ್ನೂ ಕಷ್ಟ. ಅದರಲ್ಲಿ ಕೆಂಪುರಕ್ತಕಣಗಳು ಬಹಳ, ಪ್ರಮಾಣವೂ ದೊಡ್ಡದು. ಜೊತೆಗೆ ಮಜ್ಜೆ ತೆಗೆಯಲು ಶಸ್ತ್ರಚಿಕಿತ್ಸಾ ಕೊಠಡಿ ಬೇಕು, ಅರಿವಳಿಕೆ ತಜ್ಞರು ಬೇಕು, ಅವರೆಲ್ಲ ಕೋವಿಡ್ ಐಸಿಯುಗಳಲ್ಲಿದ್ದರು. ಹೀಗಾಗಿ ಬಹಳ ಕಡೆ ರಕ್ತದಿಂದ ಸಂಗ್ರಹಿಸುವ ವಿಧಾನಕ್ಕೆ ಹೊರಳಲಾಯಿತು. ಇದಕ್ಕೊಂದು ಬೆಲೆ ಇದೆ. ಸಂಬಂಧಿಕರಲ್ಲದ ದಾನಿಗಳ ಕಸಿಯನ್ನು ಹೋಲಿಸಿ 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ದಾನಿಯ ಕೋಶಗಳು ರೋಗಿಯ ದೇಹದ ಮೇಲೆ ದೀರ್ಘಕಾಲ ದಾಳಿ ಮಾಡುವ ತೊಂದರೆ ರಕ್ತದಿಂದ ತೆಗೆದ ಕೋಶ ಪಡೆದವರಲ್ಲಿ ಶೇ 53, ಮಜ್ಜೆ ಪಡೆದವರಲ್ಲಿ ಶೇ 41 ಇತ್ತು. ಕುಟುಂಬಕ್ಕೆ ಇದನ್ನು ಮರೆಮಾಚದೆ ಹೇಳಿ ಒಪ್ಪಿಗೆ ಪಡೆದೆವು. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಫ್ರೀಜ್ ಮಾಡಿದ ಕೋಶ ಹಿಡಿಯದೆ ಹೋಗುವ ಅಪಾಯ ಹೆಚ್ಚು ಎಂಬ ವಿಶ್ಲೇಷಣೆ 2020ರಲ್ಲೇ ಬಂದ ಮೇಲೆ, ಆ ರೋಗಿಗಳಿಗಾಗಿ ನಮ್ಮ ನಿಯಮವನ್ನು ನಾವೇ ಸಡಿಲಿಸಿ, ಹತ್ತಿರದ ದಾನಿಯನ್ನು ಮೊದಲೇ ದಾಖಲಿಸಿಕೊಂಡು ತಾಜಾ ಕೋಶ ಕೊಡುವ ದಾರಿ ಹುಡುಕಿದೆವು.

ದಾನಿಗಳ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ರೋಗಿಯ ಅಣ್ಣನೋ ತಂಗಿಯೋ ಆಗಿದ್ದರೆ ಸಂಗ್ರಹಕ್ಕೆ ಮುನ್ನ ಮನೆಯಲ್ಲೇ ಬೇರೆಯಾಗಿ ಇರಬೇಕು, ಚುಚ್ಚುಮದ್ದು ಆರಂಭಿಸುವ ಮುನ್ನ ಆರ್‌ಟಿ-ಪಿಸಿಆರ್ ನೆಗೆಟಿವ್ ಇರಬೇಕು, ಸಂಗ್ರಹಕ್ಕೆ ಮುನ್ನ ಮತ್ತೊಮ್ಮೆ. ಕೋವಿಡ್ ವೈರಸ್ ರಕ್ತದ ಮೂಲಕ ಹರಡಿದ ದೃಢವಾದ ಉದಾಹರಣೆ ಇಲ್ಲದಿದ್ದರೂ, ದಾನಿಯ ಆರೋಗ್ಯವನ್ನೂ ಸಂಗ್ರಹ ಕೇಂದ್ರದ ಸಿಬ್ಬಂದಿಯನ್ನೂ ನೋಡಿ ಈ ಎಚ್ಚರಿಕೆ ಬೇಕಾಗಿತ್ತು. ಲಾಕ್‌ಡೌನ್‌ನಲ್ಲಿ ದಾನಿ ಆಸ್ಪತ್ರೆಗೆ ಬರಲು ಪ್ರಯಾಣ ಅನುಮತಿ, ಆಸ್ಪತ್ರೆಯ ಪತ್ರ, ಗುರುತಿನ ಚೀಟಿ ಮೂರೂ ಬೇಕಿದ್ದವು. ಪ್ರತಿಯೊಬ್ಬ ರೋಗಿಗೂ ಎರಡನೆಯ ದಾನಿಯೊಬ್ಬರನ್ನು, ಅನೇಕ ಬಾರಿ ಅರ್ಧ ಹೊಂದಿಕೆಯಾಗುವ ತಂದೆ, ತಾಯಿ ಅಥವಾ ಮಕ್ಕಳನ್ನು, ಪರೀಕ್ಷೆ ಮುಗಿಸಿ ಸಿದ್ಧವಾಗಿಟ್ಟೆವು. ಈ ಎಚ್ಚರಿಕೆ ಒಂದಕ್ಕಿಂತ ಹೆಚ್ಚು ಸಲ ಕೈಹಿಡಿಯಿತು.

ರಕ್ತದ ಕೊರತೆಯ ಹೊಡೆತ ನಾವು ಎಣಿಸಿದ್ದಕ್ಕಿಂತ ಬೇಗ ಬಂತು. ಕಾಲೇಜು, ಕಚೇರಿಗಳು ಮುಚ್ಚಿದ್ದರಿಂದ ರಕ್ತದಾನ ಶಿಬಿರಗಳು ನಿಂತವು. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಉಳಿಯುವುದು 5 ದಿನ, ಕೂಡಿಡುವ ಮಾತೇ ಇಲ್ಲ. ಕಸಿ ರೋಗಿಗೆ ಹೊಸ ಮಜ್ಜೆ ಕೆಲಸ ಆರಂಭಿಸುವವರೆಗೆ ಅದು ಮತ್ತೆ ಮತ್ತೆ ಬೇಕು, ಅದೂ ವಿಕಿರಣಕ್ಕೆ ಒಡ್ಡಿದ್ದೇ ಆಗಬೇಕು. ನಾವು ಮುಂದೂಡಿದ್ದ ಥಲಸ್ಸೀಮಿಯಾ ಮಕ್ಕಳು ಬದುಕಿದ್ದೂ ರಕ್ತದ ಮೇಲೆಯೇ ಎಂಬುದು ಈ ಹಂತದಲ್ಲಿ ಮನಸ್ಸನ್ನು ಬಹಳ ಕಲಕಿತು. ಆಗ ರಕ್ತನಿಧಿಯವರನ್ನು ವಾರದ ಸಭೆಗೆ ಕರೆದು, ಯಾವ ವಾರ ಎಷ್ಟು ಮಂದಿಯ ರಕ್ತಕಣಗಳ ಕೌಂಟ್ ತಳಕ್ಕೆ ಇಳಿಯುತ್ತದೆ ಎಂಬ ಅಂದಾಜು ಕೊಟ್ಟು, ಅವರು ಒದಗಿಸಬಲ್ಲಷ್ಟಕ್ಕೇ ದಾಖಲಾತಿ ಮಿತಿಗೊಳಿಸಿದೆವು. ಹಾಸಿಗೆ ಖಾಲಿ ಇದ್ದರೂ ರಕ್ತ ಇಲ್ಲವೆಂದು ದಾಖಲಾತಿ ತಡೆದ ವಾರಗಳಿದ್ದವು. ಕುಟುಂಬದವರು ದಾಖಲಾಗುವ ಮೊದಲೇ ಪ್ಲೇಟ್‌ಲೆಟ್ ಕೊಡಬಲ್ಲವರ ಹೆಸರು, ಗುಂಪು ಬರೆದಿಟ್ಟುಕೊಳ್ಳಿ. ಆದರೆ ರೋಗಿಗೆ ಕಾಂಡಕೋಶ ಕೊಡಬೇಕಾದ ರಕ್ತಸಂಬಂಧಿಗಳಿಂದ ಕಸಿಗೆ ಮೊದಲು ರಕ್ತ ಪಡೆಯಬೇಡಿ, ಅದು ಕಸಿ ಹಿಡಿಯಲು ಅಡ್ಡಿಯಾಗಬಹುದು.

ವಾರ್ಡಿನಲ್ಲಿ ಬೇರೆಯದೇ ತೊಡಕು ಎದುರಾಯಿತು. ಕಸಿ ಕೋಣೆಗಳಲ್ಲಿ ಗಾಳಿಯ ಒತ್ತಡ ಹೊರಗಿಗಿಂತ ಹೆಚ್ಚಿರುತ್ತದೆ. ಸೋಸಿದ ಗಾಳಿ ಒಳಬಂದು ಹೊರಕ್ಕೆ ತಳ್ಳಲ್ಪಡುವುದರಿಂದ ಹೊರಗಿನ ಸೋಂಕು ಒಳಗೆ ಸೇರುವುದಿಲ್ಲ. ಒಳಗಿರುವ ರೋಗಿಗೇ ಕೋವಿಡ್ ಬಂದರೆ ಅದೇ ಗಾಳಿ ವೈರಸ್ ಅನ್ನು ಓಣಿಗೆ ತಳ್ಳುತ್ತದೆ. ದಾಖಲಾತಿಗೆ ಮುನ್ನ ಪರೀಕ್ಷೆ, ಕಂಡೀಷನಿಂಗ್‌ಗೆ ಮುನ್ನ ಇನ್ನೊಂದು ಪರೀಕ್ಷೆ, ಪಾಸಿಟಿವ್ ಬಂದವರಿಗೆಂದು ಒತ್ತಡ ಬದಲಿಸಬಲ್ಲ ಒಂದು ಕೋಣೆ, ಒಬ್ಬರನ್ನೊಬ್ಬರು ಭೇಟಿಯಾಗದ ಎರಡು ಸಿಬ್ಬಂದಿ ತಂಡಗಳು ಎಂಬ ಏರ್ಪಾಡಾಯಿತು. ಪರೀಕ್ಷೆಯ ಫಲಿತಾಂಶ ತಡವಾದರೆ ಇಡೀ ಸರಣಿ ಜಾರುತ್ತಿತ್ತು. ಕಂಡೀಷನಿಂಗ್‌ಗೆ ಮುನ್ನ ಪಾಸಿಟಿವ್ ಬಂದರೆ, ಕಾಯಬಲ್ಲ ಕಾಯಿಲೆಯವರನ್ನು ಮೂರು ತಿಂಗಳು ಮುಂದೂಡಿ, ಕಾಯಲಾಗದವರಿಗೆ ಲಕ್ಷಣಗಳು ಹೋಗಿ ಮತ್ತೆ ಮತ್ತೆ ನೆಗೆಟಿವ್ ಬರುವವರೆಗೆ ಕಾಯುತ್ತಿದ್ದೆವು. ಆ ಕಾಯುವಿಕೆಗೆ ಕೊನೆಯೇ ಕಾಣದ ರೋಗಿಗಳಿದ್ದರು. ಕಸಿ ಮತ್ತು ಸಿಎಆರ್-ಟಿ ಚಿಕಿತ್ಸೆ (ರೋಗನಿರೋಧಕ ಕೋಶಗಳನ್ನು ಕ್ಯಾನ್ಸರ್ ವಿರುದ್ಧ ಮಾರ್ಪಡಿಸಿ ಕೊಡುವ ಚಿಕಿತ್ಸೆ) ಪಡೆದವರಲ್ಲಿ ಜೀವಂತ ವೈರಸ್ ಎರಡು ತಿಂಗಳವರೆಗೂ ಇರಬಲ್ಲದೆಂದು 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನ ನಮ್ಮ ಅನುಭವಕ್ಕೆ ವಿವರಣೆ ಕೊಟ್ಟಿತು. ಇಷ್ಟೆಲ್ಲ ಕಟ್ಟುನಿಟ್ಟು ಅತಿಯಾಯಿತೇ ಎಂದು ಕೇಳಿದವರಿಗೆ ನಾನು ತೋರಿಸುತ್ತಿದ್ದುದು ಕಸಿಗಳ ಮಾಹಿತಿ ಸಂಗ್ರಹಿಸುವ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಸಿಐಬಿಎಂಟಿಆರ್ ದಾಖಲೆಗಳ ವಿಶ್ಲೇಷಣೆಯನ್ನು: ಕಸಿಯಾದ ಬಳಿಕ ಕೋವಿಡ್ ತಗುಲಿದ 318 ಮಂದಿಯಲ್ಲಿ ಕೋವಿಡ್ ಪತ್ತೆಯಾದ 30 ದಿನಗಳ ನಂತರ ಬದುಕುಳಿದವರ ಪ್ರಮಾಣ ಶೇ 68ರ ಆಸುಪಾಸಿನಲ್ಲಿತ್ತು.

ಸಂದರ್ಶಕರನ್ನು ನಿಲ್ಲಿಸಿದ್ದು ರೋಗಿಗಳಿಗೆ ಅತಿ ಕಠಿಣವಾದ ನಿಯಮವಾಗಿತ್ತು. ಸೊನ್ನೆಯ ದಿನ ಬೆಳಿಗ್ಗೆ ಲೋಹದ ಚೌಕಟ್ಟಿನಿಂದ ಬ್ಯಾಗ್ ತೆಗೆದು, ಇಬ್ಬರು ಸೇರಿ ಹೆಸರು, ಆಸ್ಪತ್ರೆ ಸಂಖ್ಯೆ, ರಕ್ತದ ಗುಂಪನ್ನು ಗಟ್ಟಿಯಾಗಿ ಓದಿ ಒಪ್ಪಿಸಿ, ಇನ್ನೊಂದು ಶುದ್ಧ ಚೀಲದೊಳಗಿಟ್ಟು 37 ಡಿಗ್ರಿಯ ನೀರಿನಲ್ಲಿ ಮೆಲ್ಲಗೆ ಅಲುಗಾಡಿಸುತ್ತೇವೆ. ಒಳಗಿನ ಮಂಜು ಒಡೆದು, ಕೊನೆಯ ಹರಳು ಕರಗುವ ಹೊತ್ತಿಗೆ ನಳಿಕೆ ಜೋಡಿಸಿ ಆಗಿರಬೇಕು. ಕರಗಿದ ಮೇಲೆ ಡಿಎಂಎಸ್‌ಒ ಕೋಶಗಳಿಗೇ ವಿಷವಾಗುವುದರಿಂದ ತಡ ಮಾಡುವಂತಿಲ್ಲ. ಕೆಲವೇ ನಿಮಿಷಗಳಲ್ಲಿ ಕೋಣೆ ತುಂಬ ಬೆಳ್ಳುಳ್ಳಿಯಂಥ ಘಾಟು ಹರಡುತ್ತದೆ. ಅದು ರೋಗಿಯ ಉಸಿರಿನಿಂದ ಬರುವಂಥದ್ದು, ಒಂದೆರಡು ದಿನ ಇರುತ್ತದೆ, ಹೆದರಬೇಕಾಗಿಲ್ಲ ಎಂದು ಮೊದಲೇ ಹೇಳಿರಬೇಕು. ಹಿಂದೆಲ್ಲ ತಾಯಿಯೋ ಹೆಂಡತಿಯೋ ಕೈಹಿಡಿದು ಕುಳಿತಿರುತ್ತಿದ್ದ ಆ ಹೊತ್ತಿನಲ್ಲಿ ಈಗ ಸಲೈನ್ ಕಂಬಕ್ಕೆ ಕಟ್ಟಿದ ಫೋನಿನಲ್ಲಿ ಅವರ ಮುಖ ಇರುತ್ತಿತ್ತು. ದಿನಕ್ಕೊಂದು ನಿಗದಿತ ಹೊತ್ತಿನಲ್ಲಿ ವೈದ್ಯರೇ ಮನೆಯವರಿಗೆ ವಿಡಿಯೊ ಕರೆ ಮಾಡುವಂತೆ ವ್ಯವಸ್ಥೆ ಮಾಡಿದ ಮೇಲೆ ರಾತ್ರಿಯ ಆತಂಕದ ಕರೆಗಳು ಕಡಿಮೆಯಾದವು. ಮಕ್ಕಳ ಜೊತೆ ಒಬ್ಬ ಪೋಷಕರು ಪೂರ್ತಿ ಅವಧಿ ಹೊರಗೆ ಹೋಗದೆ ಇರುವ ಷರತ್ತಿನ ಮೇಲೆ ಒಳಗಿರಬಹುದಿತ್ತು. ಮನೆಯಲ್ಲಿ ಬೇರೆ ಮಕ್ಕಳಿದ್ದರೆ ಅವರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ದಾಖಲಾಗುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಖರ್ಚಿನ ಬಗ್ಗೆ ಒಂದು ಮಾತು. ಫ್ರೀಜಿಂಗ್, ಸಂಗ್ರಹಣಾ ಶುಲ್ಕ, ಮತ್ತೆ ಮತ್ತೆ ಮಾಡಿಸುವ ಕೋವಿಡ್ ಪರೀಕ್ಷೆ, ಎರಡನೆಯ ದಾನಿಯ ಪರೀಕ್ಷೆ, ಮುಂದೂಡಿದ್ದರಿಂದ ಸೇರಿಕೊಂಡ ಹೆಚ್ಚುವರಿ ಕಿಮೋ ಇವು ಯಾವುವೂ ಮೊದಲ ಅಂದಾಜು ಪಟ್ಟಿಯಲ್ಲಿ ಇರಲಿಲ್ಲ. ವಿಮೆ ಅಥವಾ ನೆರವು ಯೋಜನೆಯ ಮಂಜೂರಾತಿ ಪತ್ರಕ್ಕೂ ಅವಧಿ ಇರುತ್ತದೆ, ಕಸಿ ಮುಂದೆ ಹೋದಾಗ ಅದು ತೀರಿಹೋಗಿರುತ್ತದೆ. ಮುಂದೂಡಿದ ದಿನವೇ ಪರಿಷ್ಕೃತ ಅಂದಾಜನ್ನೂ ಮಂಜೂರಾತಿ ವಿಸ್ತರಣೆಗೆ ವೈದ್ಯರ ಪತ್ರವನ್ನೂ ಕೇಳಿ ಪಡೆದುಕೊಳ್ಳಿ.

ಲಸಿಕೆಗಳು ಬಂದ ಮೇಲೆ ಒತ್ತಡ ಸ್ವಲ್ಪ ಸಡಿಲವಾಯಿತು, ಆದರೆ ಕಸಿಯಾದವರ ಹಳೆಯ ಪ್ರತಿರೋಧ ಅಳಿಸಿಹೋಗಿರುವುದರಿಂದ ಕಸಿಗೆ ಮೊದಲು ಹಾಕಿಸಿಕೊಂಡ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಸುಮಾರು ಮೂರು ತಿಂಗಳ ನಂತರ ಹೊಸದಾಗಿ ಆರಂಭಿಸಬೇಕು, ಮನೆಯವರೆಲ್ಲ ಅದಕ್ಕಿಂತ ಮೊದಲೇ ಹಾಕಿಸಿಕೊಂಡಿರಬೇಕು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದಿತು. ನಾವು ನಿಯಮಗಳನ್ನು ಒಂದೊಂದಾಗಿ ತೆಗೆದೆವು. ತಾಜಾ ಕೋಶಗಳಿಗೆ ಮರಳಿದೆವು, ಎರಡನೆಯ ದಾನಿಯ ಪದ್ಧತಿಯನ್ನೂ ರಕ್ತನಿಧಿಯ ವಾರದ ಸಭೆಯನ್ನೂ ಉಳಿಸಿಕೊಂಡೆವು.

ಕೊನೆಗೆ ಉಳಿದದ್ದು ಟ್ಯಾಂಕಿನಲ್ಲಿದ್ದ ಬ್ಯಾಗ್‌ಗಳ ಪ್ರಶ್ನೆ. ಮೊದಲೇ ಕೋಶ ತರಿಸಿಟ್ಟುಕೊಳ್ಳುವ ನಿಯಮದಿಂದ, ಕಾಯಿಲೆ ಮರುಕಳಿಸಿ ಕಸಿಯವರೆಗೆ ಬರಲಾಗದ ರೋಗಿಗಳ ಹೆಸರಿನಲ್ಲೂ ಕೋಶಗಳು ಉಳಿದಿದ್ದವು. ಯಾವುದೋ ದೇಶದ ದಾನಿಯೊಬ್ಬರು ಚುಚ್ಚುಮದ್ದಿನ ಮೈಕೈ ನೋವು ಸಹಿಸಿ ಕೊಟ್ಟದ್ದು, ಬಳಕೆಯಾಗದೆ ಹಾಗೇ ಇತ್ತು. ಅವನ್ನು ಎಷ್ಟು ಕಾಲ ಇಡಬೇಕು, ಶುಲ್ಕ ಯಾರದು, ಸಂಶೋಧನೆಗೆ ಕೊಡಬಹುದೇ, ವಿಲೇವಾರಿಗೆ ಯಾರ ಒಪ್ಪಿಗೆ ಬೇಕು ಎಂಬುದನ್ನು ಅವಸರದ ಆ ದಿನಗಳ ಒಪ್ಪಿಗೆ ಪತ್ರಗಳು ಹೇಳುತ್ತಿರಲಿಲ್ಲ. ಮಗನನ್ನು ಕಳೆದುಕೊಂಡ ಮನೆಗೆ ಈ ವಿಷಯವಾಗಿ ಪತ್ರ ಬರೆಯುವುದು ಆ ಇಡೀ ಅವಧಿಯಲ್ಲೇ ನನಗೆ ಅತ್ಯಂತ ಕಷ್ಟವಾದ ಕೆಲಸವಾಗಿತ್ತು. ಫ್ರೀಜ್ ಮಾಡುವ ನಿಯಮ ತರುವ ಘಟಕದವರು ದಯವಿಟ್ಟು ದಾನಿಯ ಒಪ್ಪಿಗೆ ಪತ್ರದಲ್ಲೂ ರೋಗಿಯ ಒಪ್ಪಿಗೆ ಪತ್ರದಲ್ಲೂ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಸಂಗ್ರಹಕ್ಕೆ ಮೊದಲೇ ಬರೆಸಿಕೊಳ್ಳಿ, ಅದರ ಪ್ರತಿಯೊಂದನ್ನು ಟ್ಯಾಂಕಿನ ದಾಖಲೆ ಪುಸ್ತಕದ ಜೊತೆಗೇ ಇಡಿ.